ನಲವತ್ತರ ಆಚೀಚೆ ಎರಡನೇ ಸ್ಪೆಷಾಲಿಟಿ: ಪರೀಕ್ಷೆಗೆ ಓದುವ ಮೊದಲು ತೀರ್ಮಾನ ಮಾಡುವ ಕ್ರಮ

ಎಂಡಿ ಮುಗಿಸಿ ಹತ್ತು ಹನ್ನೆರಡು ವರ್ಷ ಪ್ರಾಕ್ಟೀಸ್ ಮಾಡಿದವರು "ಇನ್ನೊಂದು ಪಿಜಿ ಮಾಡಲಾ?" ಎಂದು ಕೇಳುವ ಹೊತ್ತಿಗೆ ಕೋಚಿಂಗ್ ಆ್ಯಪ್‌ಗೆ ದುಡ್ಡು ಕಟ್ಟಿಯಾಗಿರುತ್ತದೆ. ಎಡವುವುದು ಅಲ್ಲೇ. ಮೊದಲು ಓದು, ಆಮೇಲೆ ರ‍್ಯಾಂಕ್, ಆಮೇಲೆ ಸೀಟು. ಸೀಟು ಕೈಗೆ ಬಂದ ಮೇಲೆ ಮನೆ ಸಾಲ, ಮಕ್ಕಳ ಶಾಲೆ, ಕ್ಲಿನಿಕ್ ಬಾಡಿಗೆ ಒಂದೊಂದಾಗಿ ನೆನಪಾಗುತ್ತವೆ. ಆಗ ಕಾಲೇಜಿಗೆ ವರದಿ ಮಾಡಿಕೊಳ್ಳಲು ಉಳಿದಿರುವುದು ಕೆಲವೇ ದಿನ. ಇಷ್ಟು ದೊಡ್ಡ ತೀರ್ಮಾನವನ್ನು ಅಷ್ಟು ಅವಸರದಲ್ಲಿ ಮಾಡಿದವರು ಒಂದೋ ಸೇರಿ ಒದ್ದಾಡುತ್ತಾರೆ, ಇಲ್ಲವೇ ಬಿಟ್ಟು ಕೊರಗುತ್ತಾರೆ.

ಇಲ್ಲಿನ ಕ್ರಮ ಅದಕ್ಕೆ ತದ್ವಿರುದ್ಧ. ಪರೀಕ್ಷೆ ಕೊನೆಯ ಭಾಗದಲ್ಲಿ ಬರುತ್ತದೆ. ಕರ್ನಾಟಕದಲ್ಲಿ ಈಗಾಗಲೇ ಸ್ನಾತಕೋತ್ತರ ಪದವಿ ಅಥವಾ ಡಿಪ್ಲೊಮಾ ಇಟ್ಟುಕೊಂಡು ದುಡಿಯುತ್ತಿರುವ ವೈದ್ಯರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಇದು. ಎಂಬಿಬಿಎಸ್ ಮುಗಿಸಿ ಮೊದಲ ಪಿಜಿ ಹುಡುಕುವವರ ಲೆಕ್ಕಾಚಾರವೇ ಬೇರೆ.

## ಕೈಯಲ್ಲಿ ಇರಬೇಕಾದವು

ಕಳೆದ ಮೂರು ವರ್ಷದ ಆದಾಯ ತೆರಿಗೆ ರಿಟರ್ನ್, ಹನ್ನೆರಡು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಎಲ್ಲ ಸಾಲಗಳ ಬಾಕಿ ಮತ್ತು ಇಎಂಐ ಪಟ್ಟಿ. ಈಗಿನ ಆಸ್ಪತ್ರೆಯ ಜೊತೆಗಿನ ಕರಾರುಪತ್ರ; ನೋಟಿಸ್ ಅವಧಿ ಎಷ್ಟು ಎಂಬುದು ಅದರಲ್ಲಿರುತ್ತದೆ. ಇಂಡೆಮ್ನಿಟಿ ಪಾಲಿಸಿ, ಅಂದರೆ ರೋಗಿಗಳ ದೂರಿನ ಖರ್ಚಿಗೆ ವೈದ್ಯರು ಮಾಡಿಸುವ ವಿಮೆ. ನಿಮಗೆ ಅನ್ವಯಿಸುವ ಪ್ರವೇಶ ಪರೀಕ್ಷೆ ಮತ್ತು ಕೌನ್ಸೆಲಿಂಗ್‌ನ ಇತ್ತೀಚಿನ ಮಾಹಿತಿ ಪುಸ್ತಿಕೆ. ಜೊತೆಗೆ ಒಂದು ನೋಟ್‌ಬುಕ್. ಫೋನಿನಲ್ಲಿ ಟೈಪ್ ಮಾಡಿಟ್ಟದ್ದನ್ನು ಯಾರೂ ತಿರುಗಿ ಓದುವುದಿಲ್ಲ.

## ಹಂತ 1: ಕಾರಣ ಬರೆಯಿರಿ, ಮಧ್ಯೆ ಗೆರೆ ಎಳೆಯಿರಿ

ಹಾಳೆಯ ಎಡಕ್ಕೆ ಯಾವುದನ್ನು ಬಿಡಬೇಕು ಅನ್ನಿಸುತ್ತಿದೆಯೋ ಅದು: ರಾತ್ರಿ ಕರೆಗಳು, ಸರ್ಜನ್‌ಗಳ ಕಿರಿಕಿರಿ, ಕೊಡದೆ ಬಾಕಿ ಉಳಿಸಿಕೊಂಡ ಫೀಸು. ಬಲಕ್ಕೆ ಯಾವ ಕೆಲಸ ಮಾಡಬೇಕು ಅನ್ನಿಸುತ್ತಿದೆಯೋ ಅದು. ಬಲಬದಿಗೆ ಕ್ರಿಯಾಪದ ಬರಬೇಕು. "ಕಾರ್ಡಿಯಾಲಜಿ" ಎಂದು ಬರೆದರೆ ಸಾಲದು; "ಹಾರ್ಟ್ ಫೇಲ್ಯೂರ್ ರೋಗಿಗಳನ್ನು ವರ್ಷಗಟ್ಟಲೆ ನೋಡಿಕೊಳ್ಳಬೇಕು" ಎಂದೋ "ಕ್ಯಾಥ್ ಲ್ಯಾಬ್‌ನಲ್ಲಿ ಕೈ ಆಡಿಸಬೇಕು" ಎಂದೋ ಇರಬೇಕು. ಇವೆರಡೂ ಒಂದೇ ವಿಭಾಗದ ಎರಡು ಬೇರೆ ಬದುಕು. ಮೊದಲನೆಯದಕ್ಕೆ ಜನರಲ್ ಮೆಡಿಸಿನ್ ಎಂಡಿಯೇ ಬಹಳ ದೂರ ಕರೆದೊಯ್ಯುತ್ತದೆ.

ಎಡಬದಿ ತುಂಬಿ ತುಳುಕಿ ಬಲಬದಿಯಲ್ಲಿ ಎರಡೇ ಸಾಲು ಇದ್ದರೆ ಅದು ಮೊದಲ ಎಚ್ಚರಿಕೆ. ನಿಮಗೆ ಬೇಕಿರುವುದು ಬೇರೆ ಸ್ಪೆಷಾಲಿಟಿಯಲ್ಲ, ಬೇರೆ ಆಸ್ಪತ್ರೆ ಇರಬಹುದು.

## ಹಂತ 2: ಸುಸ್ತನ್ನು ಮೊದಲು ಬೇರ್ಪಡಿಸಿ

ಮೂರು ತಿಂಗಳು ರಾತ್ರಿ ಡ್ಯೂಟಿ ಅರ್ಧಕ್ಕೆ ಇಳಿಸಿ. ಆದಾಯ ಸ್ವಲ್ಪ ಕಡಿಮೆಯಾಗುತ್ತದೆ, ಆಗಲಿ. ಮುಂದೆ ಬರಲಿರುವ ಖರ್ಚಿನ ಎದುರು ಅದು ಏನೂ ಅಲ್ಲ. ಕ್ಲಿನಿಕ್ ಸ್ವಂತದ್ದಾದರೆ ಸಂಜೆಯ ಒಪಿಡಿಯನ್ನು ವಾರಕ್ಕೆ ಎರಡು ದಿನ ಮುಚ್ಚಿ. ಆಮೇಲೆ ಮೊದಲ ಹಂತದ ಹಾಳೆಯನ್ನು ನೋಡದೆ ಹೊಸದಾಗಿ ಬರೆಯಿರಿ.

ನಿದ್ದೆ ಸರಿಯಾದ ಮೇಲೂ ಬಲಬದಿ ಹಾಗೇ ಉಳಿದಿದ್ದರೆ ಮುಂದಕ್ಕೆ ಹೋಗಿ. ಆಸೆ ಕರಗಿಹೋಗಿದ್ದರೆ ಈ ಲೇಖನವನ್ನು ಇಲ್ಲಿಗೇ ಬಿಡಬಹುದು, ಮೂರು ವರ್ಷ ಉಳಿಯಿತು. ರೆಸಿಡೆನ್ಸಿಯಲ್ಲಿ, ಅಂದರೆ ಆಸ್ಪತ್ರೆಯಲ್ಲಿ ದುಡಿಯುತ್ತಲೇ ಕಲಿಯುವ ಪಿಜಿ ತರಬೇತಿಯಲ್ಲಿ, ರಾತ್ರಿ ಡ್ಯೂಟಿ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ದಣಿವಿನಿಂದ ತಪ್ಪಿಸಿಕೊಳ್ಳಲು ಅಲ್ಲಿಗೆ ಹೋಗುವುದು ವಿಚಿತ್ರವಾದ ಆಯ್ಕೆ, ಆದರೂ ಹೋಗುವವರು ಬಹಳ ಜನ.

## ಹಂತ 3: ಆ ಕೆಲಸವನ್ನು ಬೇಸರದ ದಿನ ಹೋಗಿ ನೋಡಿ

ಪರಿಚಯದ ಒಬ್ಬರನ್ನು ಕೇಳಿ, ಅವರು ಈಗ ಮಾಡುತ್ತಿರುವ ಕೆಲಸವನ್ನು ವಾರಕ್ಕೊಂದು ದಿನದಂತೆ ಕೆಲವು ವಾರ ಜೊತೆಗಿದ್ದು ನೋಡಿ. ದೊಡ್ಡ ಪ್ರೊಸೀಜರ್ ಇರುವ ದಿನವೇ ಹೋಗಬೇಡಿ. ಸಾಮಾನ್ಯ ಮಂಗಳವಾರದ ಒಪಿಡಿ, ಡಿಸ್ಚಾರ್ಜ್ ಬರೆಯುವ ಹೊತ್ತು, ವಿಮೆ ಕಂಪನಿಗೆ ಉತ್ತರ ಕೊಡುವ ಹೊತ್ತು, ಇವನ್ನು ನೋಡಿ.

ಇಬ್ಬರನ್ನು ಮಾತನಾಡಿಸಿ. ಒಬ್ಬರು ಹತ್ತು ವರ್ಷದ ಹಿಂದೆ ಆ ವಿಭಾಗಕ್ಕೆ ಬಂದವರು. ಇನ್ನೊಬ್ಬರು ನಿಮ್ಮ ಹಾಗೆಯೇ ತಡವಾಗಿ ಬಂದು ಈಗಷ್ಟೇ ಮುಗಿಸಿದವರು. ಎರಡನೆಯವರು ಹೆಚ್ಚು ನಿಜ ಹೇಳುತ್ತಾರೆ. "ಈಗ ತಿಂಗಳಿಗೆ ಎಷ್ಟು ಕೇಸು ಬರುತ್ತವೆ ಸರ್?" ಎಂದು ನೇರವಾಗಿ ಕೇಳಿ. ವಿಭಾಗದ ಮುಖ್ಯಸ್ಥರನ್ನು ಸಲಹೆ ಕೇಳುವುದು ಆಮೇಲೆ. ಅವರಿಗೆ ರೆಸಿಡೆಂಟ್ ಬೇಕಿರುತ್ತದೆ.

## ಹಂತ 4: ಆ ಕೆಲಸಕ್ಕೆ ಬೇಕಾದ ಅತಿ ಚಿಕ್ಕ ಅರ್ಹತೆ ಯಾವುದು?

ಇಡೀ ತೀರ್ಮಾನದಲ್ಲಿ ಹೆಚ್ಚು ಸಮಯ ಕೊಡಬೇಕಾದ ಹಂತ ಇದು. ಹಾಗಿದ್ದೂ ಹೆಚ್ಚಿನವರು ಹಾರಿಸಿಬಿಡುತ್ತಾರೆ. ನಮ್ಮಲ್ಲಿ ಮೆಟ್ಟಿಲು ನಾಲ್ಕು: ಕೆಲವು ವಾರ ಅಥವಾ ತಿಂಗಳ ಸರ್ಟಿಫಿಕೇಟ್ ತರಬೇತಿ; ಒಂದೆರಡು ವರ್ಷದ ಫೆಲೋಶಿಪ್; ಈಗಿನ ವಿಷಯದ ಮೇಲೆಯೇ ಕಟ್ಟುವ ಮೂರು ವರ್ಷದ ಸೂಪರ್ ಸ್ಪೆಷಾಲಿಟಿ ಪದವಿ, ಅಂದರೆ ಡಿಎಂ, ಎಂಸಿಎಚ್ ಅಥವಾ ಡಿಆರ್‌ಎನ್‌ಬಿ; ಮತ್ತೆ ಮೊದಲಿನಿಂದ ಇನ್ನೊಂದು ಎಂಡಿ, ಎಂಎಸ್ ಅಥವಾ ಡಿಎನ್‌ಬಿ, ಅದೂ ಮೂರು ವರ್ಷ. ಕೆಳಗಿನ ಮೆಟ್ಟಿಲಿನಿಂದ ಶುರುಮಾಡಿ, "ಇಷ್ಟರಲ್ಲಿ ಆ ಕೆಲಸ ಆಗುತ್ತದೆಯೇ?" ಎಂದು ಕೇಳುತ್ತಾ ಮೇಲೆ ಹೋಗಬೇಕು. ಮೇಲಿನಿಂದ ಕೆಳಗೆ ಬರಬಾರದು.

ಜಿಲ್ಲಾ ಕೇಂದ್ರವೊಂದರಲ್ಲಿ ನಾಲ್ಕೈದು ನರ್ಸಿಂಗ್ ಹೋಮ್‌ಗಳಿಗೆ ಓಡಾಡುವ ಅರಿವಳಿಕೆ ವೈದ್ಯೆಯೊಬ್ಬರನ್ನು ಊಹಿಸಿಕೊಳ್ಳಿ. ವಯಸ್ಸು ನಲವತ್ತೆರಡು. ಐಸಿಯು ಕೆಲಸಕ್ಕೆ ಬದಲಾಗಬೇಕು ಎಂಬ ಆಸೆ. ಅದೇ ಊರಿನ ಮಧ್ಯಮ ಗಾತ್ರದ ಆಸ್ಪತ್ರೆಯ ಐಸಿಯು ನಡೆಸುವುದಷ್ಟೇ ಗುರಿಯಾದರೆ, ಇಂಡಿಯನ್ ಸೊಸೈಟಿ ಆಫ್ ಕ್ರಿಟಿಕಲ್ ಕೇರ್ ಮೆಡಿಸಿನ್ ನಡೆಸುವಂಥ ಚಿಕ್ಕ ತರಬೇತಿ ಸಾಕಾಗಬಹುದು. ಬೋಧಕ ಹುದ್ದೆ, ದೊಡ್ಡ ಕಾರ್ಪೊರೇಟ್ ಆಸ್ಪತ್ರೆಯ ಮುಖ್ಯಸ್ಥ ಸ್ಥಾನ ಬೇಕಾದರೆ ಡಿಎಂ ಕಡೆ ನೋಡಬೇಕು. ಅವರಿಗೆ ಇನ್ನೊಂದು ಎಂಡಿ ಎರಡು ದಾರಿಯಲ್ಲೂ ಬೇಡ. ಡಿಎಂ ಕ್ರಿಟಿಕಲ್ ಕೇರ್‌ಗೆ ಅರಿವಳಿಕೆ ಎಂಡಿಯೇ ಅರ್ಹತೆ.

ಕ್ಯಾನ್ಸರ್ ರೋಗಿಗಳ ನೋವು ನಿವಾರಣೆಗೆ ಮನಸ್ಸು ಎಳೆಯುತ್ತಿದ್ದರೆ, ಪ್ಯಾಲಿಯೇಟಿವ್ ಮೆಡಿಸಿನ್‌ನಲ್ಲಿ (ಉಪಶಮನ ಆರೈಕೆ) ಎಂಡಿ ದೆಹಲಿಯ ಏಮ್ಸ್, ಮುಂಬೈನ ಟಾಟಾ ಮೆಮೋರಿಯಲ್‌ಗಳಲ್ಲಿ ಇದೆ ನಿಜ. ಆದರೆ ಮಾರ್ಫಿನ್ ಕೊಡಲು ಕಾನೂನು ಎಂಡಿ ಕೇಳುವುದಿಲ್ಲ. ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆಗೆ 2014ರಲ್ಲಿ ಆದ ತಿದ್ದುಪಡಿಯ ನಂತರ ಅತ್ಯಗತ್ಯ ಮಾದಕ ಔಷಧಗಳಿಗೆ ಆಸ್ಪತ್ರೆಯು ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆ ಆಗಿರಬೇಕು, ಅಲ್ಲಿ ತರಬೇತಿ ಪಡೆದ ವೈದ್ಯರಿರಬೇಕು. ಇಂಡಿಯನ್ ಅಸೋಸಿಯೇಷನ್ ಆಫ್ ಪ್ಯಾಲಿಯೇಟಿವ್ ಕೇರ್‌ನ ಸರ್ಟಿಫಿಕೇಟ್ ಕೋರ್ಸ್‌ನಿಂದ ಶುರುಮಾಡಿ, ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ನೋಡಿಕೊಳ್ಳುವ ಬೆಂಗಳೂರಿನ ಕರುಣಾಶ್ರಯದಂಥ ಕಡೆ ಕೆಲಕಾಲ ಕಳೆದು ಬಂದರೆ ಮುಂದಿನ ದಾರಿ ತಾನೇ ಗೊತ್ತಾಗುತ್ತದೆ.

ಇದಕ್ಕೆ ವಿರುದ್ಧವಾದ ಉದಾಹರಣೆ ಮನೋವೈದ್ಯಕೀಯ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಯಾರನ್ನು ಮನೋವೈದ್ಯರೆಂದು ಕರೆಯಬೇಕೆಂದು ಹೇಳುವಾಗ ಸ್ನಾತಕೋತ್ತರ ಪದವಿ ಅಥವಾ ಡಿಪ್ಲೊಮಾವನ್ನು ಮುಂದಿಟ್ಟಿದೆ. ಕುಟುಂಬ ವೈದ್ಯರು ಸಾಮಾನ್ಯ ಖಿನ್ನತೆ, ಆತಂಕಗಳನ್ನು ಚೆನ್ನಾಗಿ ನೋಡುವಂತಾಗಬೇಕಾದರೆ ನಿಮ್ಹಾನ್ಸ್ ಡಿಜಿಟಲ್ ಅಕಾಡೆಮಿ ವೈದ್ಯರಿಗಾಗಿಯೇ ನಡೆಸುವ ಕೋರ್ಸ್ ಇದೆ, ಕೆಲಸ ಬಿಡಬೇಕಿಲ್ಲ. ಮನೋವೈದ್ಯರಾಗಿಯೇ ಕೂರಬೇಕೆಂದರೆ ಪೂರ್ತಿ ಪಿಜಿ ತಪ್ಪದು. ರೇಡಿಯಾಲಜಿ, ಪೆಥಾಲಜಿ, ರೇಡಿಯೇಷನ್ ಆಂಕಾಲಜಿಗಳದ್ದೂ ಇದೇ ಕಥೆ. ಬೆನ್ನು ಅಥವಾ ಕೈ ಕೆಟ್ಟು ಆಪರೇಷನ್ ಥಿಯೇಟರ್ ಬಿಡಲೇಬೇಕಾದ ಸರ್ಜನ್‌ಗೆ ಎರಡನೇ ಪೂರ್ತಿ ಪಿಜಿ ನ್ಯಾಯವಾದ ಆಯ್ಕೆ. ಅವರಿಗೆ ನಾನು ಬೇಡ ಅನ್ನುವುದಿಲ್ಲ.

ಕ್ಲಿನಿಕ್ ಎದುರಿನ ಬೋರ್ಡಿನ ವಿಷಯ ಮರೆಯಬೇಡಿ. ವೈದ್ಯರ 2002ರ ವೃತ್ತಿ ನಡವಳಿಕೆ ನಿಯಮಾವಳಿಯ 7.20ನೇ ಅಂಶದ ಪ್ರಕಾರ ಆ ಶಾಖೆಯಲ್ಲಿ ವಿಶೇಷ ಅರ್ಹತೆ ಇಲ್ಲದವರು ತಮ್ಮನ್ನು ತಜ್ಞರೆಂದು ಹೇಳಿಕೊಳ್ಳುವಂತಿಲ್ಲ. ಖಾಸಗಿ ಆಸ್ಪತ್ರೆಯೊಂದು ಕೊಟ್ಟ ಫೆಲೋಶಿಪ್ ಕೌಶಲ ಕಲಿಸಬಹುದು, ಬೋರ್ಡಿನ ಮೇಲೆ "ತಜ್ಞ" ಎಂದು ಬರೆಸುವ ಹಕ್ಕನ್ನು ಅದರಷ್ಟಕ್ಕೆ ಕೊಡುವುದಿಲ್ಲ. ಸೇರುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಇದನ್ನು ಕರ್ನಾಟಕ ವೈದ್ಯಕೀಯ ಪರಿಷತ್ತು ಹೆಚ್ಚುವರಿ ಅರ್ಹತೆಯಾಗಿ ನೋಂದಾಯಿಸಿಕೊಳ್ಳುತ್ತದೆಯೇ? ಉತ್ತರವನ್ನು ಕೋರ್ಸ್ ನಡೆಸುವವರಿಂದಲ್ಲ, ಪರಿಷತ್ತಿನಿಂದಲೇ ಪಡೆಯಿರಿ.

ಸ್ಕ್ಯಾನಿಂಗ್ ಬಗ್ಗೆಯೂ ಒಂದು ಮಾತು. ಬೆಡ್ ಪಕ್ಕದಲ್ಲಿ ಎಕೋ, ಅಲ್ಟ್ರಾಸೌಂಡ್ ಮಾಡುವುದಷ್ಟೇ ಬೇಕಾದರೆ ಹೊಸ ಪಿಜಿ ಬೇಡ. ಆದರೆ ಯಂತ್ರ ಯಾರದ್ದೇ ಆಗಲಿ, ಭ್ರೂಣಲಿಂಗ ಪತ್ತೆ ತಡೆಯುವ ಪಿಸಿಪಿಎನ್‌ಡಿಟಿ ಕಾಯ್ದೆಯಡಿ ನೋಂದಣಿ ಆಗಿರಲೇಬೇಕು. ತರಬೇತಿಗಿಂತ ಮೊದಲು ಈ ಕಾಗದದ ಕೆಲಸ ವಿಚಾರಿಸಿ.

## ಹಂತ 5: ಬಾಗಿಲು ನಿಮಗೆ ತೆರೆದಿದೆಯೇ?

ಎಂಡಿ, ಎಂಎಸ್ ಪ್ರವೇಶದ ನೀಟ್-ಪಿಜಿ ಪರೀಕ್ಷೆಗೆ ಗರಿಷ್ಠ ವಯೋಮಿತಿ ಇಲ್ಲ. ಅಷ್ಟನ್ನೇ ಕೇಳಿಸಿಕೊಂಡು ಸಮಾಧಾನಪಡಬೇಡಿ. ಪರೀಕ್ಷೆ ಬರೆಯುವ ಅರ್ಹತೆ ಬೇರೆ, ಕೌನ್ಸೆಲಿಂಗ್‌ನಲ್ಲಿ ಸೀಟು ಪಡೆಯುವ ಅರ್ಹತೆ ಬೇರೆ. ಅಖಿಲ ಭಾರತ ಕೋಟಾ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳ ಸೀಟುಗಳನ್ನು ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ (ಎಂಸಿಸಿ) ಹಂಚುತ್ತದೆ, ರಾಜ್ಯದ ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ). ಎರಡರ ಪುಸ್ತಿಕೆಗಳಲ್ಲೂ "ಈಗಾಗಲೇ ಸ್ನಾತಕೋತ್ತರ ಪದವಿ ಪಡೆದವರು" ಎಂಬ ವಾಕ್ಯ ಹುಡುಕಿ, ಅದರ ಮುಂದೆ ಏನಿದೆ ಎಂದು ಓದಿ. ಹೋದ ವರ್ಷದ ಪುಸ್ತಿಕೆ ಅಂದಾಜಿಗೆ ಮಾತ್ರ, ನಿಯಮ ಬದಲಾಗುತ್ತಿರುತ್ತದೆ. ಏಮ್ಸ್, ಜಿಪ್ಮರ್, ಚಂಡೀಗಢದ ಪಿಜಿಐ, ನಿಮ್ಹಾನ್ಸ್‌ಗಳ ಸೀಟು ಬೇಕಾದರೆ ವರ್ಷಕ್ಕೆ ಎರಡು ಬಾರಿ ನಡೆಯುವ ಐಎನ್‌ಐ-ಸಿಇಟಿ ಬರೆಯಬೇಕು, ಅದರ ಪುಸ್ತಿಕೆಯೇ ಬೇರೆ.

ಡಿಎಂ, ಎಂಸಿಎಚ್‌ಗೆ ಫೀಡರ್ ವಿಷಯದ ಪಟ್ಟಿ ನೋಡಿ, ಅಂದರೆ ಯಾವ ವಿಷಯದ ಪಿಜಿ ಮಾಡಿದವರು ಅದಕ್ಕೆ ಅರ್ಹರು ಎಂಬ ಪಟ್ಟಿ. ಮೆಡಿಕಲ್ ಆಂಕಾಲಜಿಗೆ ಜನರಲ್ ಮೆಡಿಸಿನ್, ಪೀಡಿಯಾಟ್ರಿಕ್ಸ್, ರೇಡಿಯೋಥೆರಪಿಯವರು ಹೋಗಬಹುದು. ನ್ಯೂರಾಲಜಿಗೆ ಅರಿವಳಿಕೆಯವರು ಹೋಗಲಾರರು, ಆದರೆ ನ್ಯೂರೋ ಅರಿವಳಿಕೆಯಲ್ಲಿ ನಿಮ್ಹಾನ್ಸ್‌ನಲ್ಲಿ ಡಿಎಂ ಇದೆ.

ಡಿಪ್ಲೊಮಾ ಮಾತ್ರ ಇರುವವರು, ಅಂದರೆ ಅರಿವಳಿಕೆಯ ಡಿಎ, ಶಿಶುವೈದ್ಯದ ಡಿಸಿಎಚ್, ಪ್ರಸೂತಿಯ ಡಿಜಿಒ ಮಾಡಿದವರು, ಡಿಎಂ, ಎಂಸಿಎಚ್ ಪ್ರವೇಶ ಪರೀಕ್ಷೆಯಾದ ನೀಟ್-ಎಸ್‌ಎಸ್‌ಗೆ ನೇರವಾಗಿ ಅರ್ಹರಲ್ಲ. ಇವರಲ್ಲಿ ಹಲವರು ಬೇಸರದಿಂದ ಬೇರೆ ವಿಷಯದ ಕಡೆ ನೋಡುತ್ತಾರೆ. ಅದಕ್ಕಿಂತ ಮೊದಲು ಅದೇ ವಿಷಯದ ಎರಡು ವರ್ಷದ ಪೋಸ್ಟ್ ಡಿಪ್ಲೊಮಾ ಡಿಎನ್‌ಬಿ ಕಡೆ ನೋಡುವುದು ಲಾಭ. ಅದಕ್ಕೆ ಪಿಡಿಸಿಇಟಿ ಎಂಬ ಪ್ರತ್ಯೇಕ ಪರೀಕ್ಷೆ.

ಸರ್ಕಾರಿ ಸೇವೆಯಲ್ಲಿರುವವರು ನಿರಾಕ್ಷೇಪಣಾ ಪತ್ರ, ಅಧ್ಯಯನ ರಜೆ, ಓದಿದ ಮೇಲಿನ ಕಡ್ಡಾಯ ಸೇವೆಯ ಬಾಂಡ್, ನಿವೃತ್ತಿಗೆ ಉಳಿದ ವರ್ಷ ಇವನ್ನು ಒಂದೇ ಹಾಳೆಯಲ್ಲಿ ಬರೆದುಕೊಳ್ಳಬೇಕು. ಬಾಂಡ್ ಮುಗಿಯುವ ವರ್ಷವೂ ನಿವೃತ್ತಿಯ ವರ್ಷವೂ ಪಕ್ಕಪಕ್ಕ ಬಂದರೆ ಉತ್ತರ ಸಿಕ್ಕಂತೆ.

ಅಮೆರಿಕದಲ್ಲಿರುವ ಕನ್ನಡಿಗ ವೈದ್ಯರಿಗೆ ಬೇರೆಯದೇ ತೊಡಕು: ಮೊದಲ ರೆಸಿಡೆನ್ಸಿಯ ಅವಧಿ ದಾಟಿದ ಮೇಲೆ ಅಲ್ಲಿನ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಆಸ್ಪತ್ರೆಗೆ ಕೊಡುವ ನೇರ ತರಬೇತಿ ಹಣದಲ್ಲಿ ಆ ರೆಸಿಡೆಂಟ್ ಅರ್ಧ ಎಂದೇ ಲೆಕ್ಕ. ಸಂದರ್ಶನಕ್ಕೆ ಕರೆಯದಿರಲು ಕೆಲವು ಕಡೆ ಇದೂ ಕಾರಣವಾಗುತ್ತದೆ. ಅರ್ಜಿ ಹಾಕುವ ಮೊದಲೇ ಪ್ರೋಗ್ರಾಂ ಕಚೇರಿಗೆ ಕೇಳಿಬಿಡಿ.

## ಹಂತ 6: ಲೆಕ್ಕ, ಕೋರ್ಸ್ ಫೀಸಿನಾಚೆಗೂ

ಕಾಲೇಜಿನ ಫೀಸು ಕಣ್ಣಿಗೆ ಕಾಣುವ ಖರ್ಚು. ಕಾಣದ್ದು ಬಿಟ್ಟ ಆದಾಯ. ಇದನ್ನು ಮೂರು ಕಾಲಕ್ಕೆ ಬೇರೆ ಬೇರೆ ಹಾಕಬೇಕು: ಓದುವ ತಿಂಗಳು, ತರಬೇತಿಯ ವರ್ಷ, ಮತ್ತೆ ಪ್ರಾಕ್ಟೀಸ್ ಕಟ್ಟುವ ವರ್ಷ. ಮೂರನೆಯದನ್ನು ಸೇರಿಸಿದ ಲೆಕ್ಕ ನೋಡಸಿಗುವುದೇ ಅಪರೂಪ.

ಮಾದರಿಗೆ ಒಂದು ಲೆಕ್ಕ, ಅಂಕಿಗಳು ಊಹೆಯವು. ಈಗ ತಿಂಗಳಿಗೆ ಕೈಗೆ ಬರುವುದು 2.5 ಲಕ್ಷ, ಸ್ಟೈಪೆಂಡ್ 60 ಸಾವಿರ ಎಂದಿಟ್ಟುಕೊಳ್ಳಿ. ಕೊರತೆ ತಿಂಗಳಿಗೆ 1.9 ಲಕ್ಷ, 36 ತಿಂಗಳಿಗೆ 68.4 ಲಕ್ಷ. ಓದಲು ಆರು ತಿಂಗಳು ಅರ್ಧ ಕೆಲಸ ಮಾಡಿದರೆ 7.5 ಲಕ್ಷ ಹೋಯಿತು. ಮುಗಿಸಿದ ಮೊದಲ ವರ್ಷ ತಿಂಗಳಿಗೆ 1.5 ಲಕ್ಷವೇ ಬಂದರೆ ಇನ್ನೂ 12 ಲಕ್ಷ. ಒಟ್ಟು 87.9 ಲಕ್ಷ, ಫೀಸು ಸೇರಿಸದೆ.

ಹೊಸ ಆದಾಯ ತಿಂಗಳಿಗೆ 4 ಲಕ್ಷಕ್ಕೆ ಏರಿದರೆ ಹೆಚ್ಚುವರಿ 1.5 ಲಕ್ಷ, ಹಳ್ಳ ತುಂಬಲು ಸುಮಾರು ಐದು ವರ್ಷ. ನಲವತ್ತೆರಡಕ್ಕೆ ಓದಲು ಕೂತವರು ಐವತ್ತೊಂದೂವರೆಯ ಹೊತ್ತಿಗೆ ಸಮಕ್ಕೆ ಬರುತ್ತಾರೆ. ಆದಾಯ 3 ಲಕ್ಷಕ್ಕೆ ನಿಂತರೆ ಹದಿನಾಲ್ಕೂವರೆ ವರ್ಷಕ್ಕೂ ಹೆಚ್ಚು, ಅಂದರೆ ಅರವತ್ತೊಂದು ದಾಟಿತು. ಇದೇ ವ್ಯಕ್ತಿ ಅದೇ ಸ್ಟೈಪೆಂಡ್‌ನ ಒಂದು ವರ್ಷದ ಫೆಲೋಶಿಪ್‌ಗೆ ಹೋದರೆ ತರಬೇತಿಯ ಕೊರತೆ 22.8 ಲಕ್ಷ. ನಾಲ್ಕನೇ ಹಂತಕ್ಕೆ ಅಷ್ಟು ಒತ್ತು ಕೊಟ್ಟದ್ದು ಇದಕ್ಕೇ.

ದುಡ್ಡು ವಾಪಸು ಬಾರದಿದ್ದರೂ ಕೆಲಸದ ತೃಪ್ತಿಗಾಗಿ ಹೋಗುವುದು ತಪ್ಪಲ್ಲ. ಆದರೆ ಆ ತೃಪ್ತಿಗೆ ಇಷ್ಟು ಲಕ್ಷ ಕೊಡುತ್ತಿದ್ದೇನೆ ಎಂದು ಗೊತ್ತಿದ್ದು ಕೊಡಬೇಕು.

ಸಾಮಾನ್ಯ ತಪ್ಪುಗಳು: "ಭಾನುವಾರ ಕ್ಲಿನಿಕ್ ನಡೆಸುತ್ತೇನೆ" ಎಂದು ಲೆಕ್ಕದಲ್ಲಿ ಸೇರಿಸುವುದು. ಪಿಜಿ ಎಂದರೆ ಪೂರ್ಣಾವಧಿ ರೆಸಿಡೆಂಟ್, ಖಾಸಗಿ ಪ್ರಾಕ್ಟೀಸ್‌ಗೆ ಅವಕಾಶ ಇರುವುದಿಲ್ಲ. ಶಿಕ್ಷಣ ಸಾಲದ ಬಡ್ಡಿಗೆ ಆದಾಯ ತೆರಿಗೆ ವಿನಾಯಿತಿ ಇದೆ ಎಂದು ನಂಬುವುದು. ಅದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ, ಮೇಲಾಗಿ ತೆರಿಗೆ ಕಟ್ಟುವಷ್ಟು ಆದಾಯವೇ ಇಲ್ಲದ ವರ್ಷ ವಿನಾಯಿತಿಯಿಂದ ಏನು ಉಪಯೋಗ? ಪಿಎಫ್ ಮುರಿದು ಫೀಸು ಕಟ್ಟುವುದು ಇನ್ನೊಂದು. ಹನ್ನೆರಡು ತಿಂಗಳ ಮನೆ ಖರ್ಚು ಮತ್ತು ಇಎಂಐ ಪ್ರತ್ಯೇಕವಾಗಿ ಇಲ್ಲದಿದ್ದರೆ ಈ ವರ್ಷ ಅರ್ಜಿ ಹಾಕಬೇಡಿ, ಕೂಡಿಡಿ.

## ಹಂತ 7: ಮನೆಯವರ ಎದುರು ದಿನಚರಿ ಇಡಿ

"ಓದಲಾ?" ಎಂದು ಕೇಳಿದರೆ ಪ್ರೀತಿಯಿಂದ "ಓದಿ" ಅನ್ನುತ್ತಾರೆ. ಬದಲಿಗೆ ವಾರದ ವೇಳಾಪಟ್ಟಿ ಬರೆದು ತೋರಿಸಿ: ಯಾವ ರಾತ್ರಿಗಳು ಮನೆಯಲ್ಲಿ ಇರುವುದಿಲ್ಲ, ಅತ್ತೆ ಮಾವ ಅಥವಾ ಅಪ್ಪ ಅಮ್ಮನ ಔಷಧ, ತಪಾಸಣೆ ಯಾರು ನೋಡಿಕೊಳ್ಳುತ್ತಾರೆ, ಮಗಳ ಎಸ್‌ಎಸ್‌ಎಲ್‌ಸಿ ಯಾವ ವರ್ಷ ಬೀಳುತ್ತದೆ. ಪಿಜಿ ನಿಯಮಾವಳಿ ಶೇ 80 ಹಾಜರಿ ಕೇಳುತ್ತದೆ. ಇನ್ನೊಂದು ಎಂಡಿ ಎಂದರೆ ಪ್ರಬಂಧ ಮತ್ತೆ, ಜಿಲ್ಲಾ ಆಸ್ಪತ್ರೆಯಲ್ಲಿ ಮೂರು ತಿಂಗಳ ರೆಸಿಡೆನ್ಸಿ. ಸಂಗಾತಿಯೂ ವೈದ್ಯರಾಗಿದ್ದು ಅವರ ಪ್ರಾಕ್ಟೀಸ್ ನಿಮ್ಮ ಕ್ಲಿನಿಕ್ ಮೇಲೆ ನಿಂತಿದ್ದರೆ, ಅವರ ಆದಾಯದ ಇಳಿಕೆಯನ್ನೂ ಆರನೇ ಹಂತಕ್ಕೆ ವಾಪಸು ಹೋಗಿ ಸೇರಿಸಿ.

## ಹಂತ 8: ಹಳೆಯ ಕೌಶಲ, ಹೊಸ ಸ್ಥಾನ

ಮೂರು ವರ್ಷ ಕೈ ಆಡದಿದ್ದರೆ ಸರ್ಜನ್ ಸರ್ಜನ್ ಆಗಿ ಉಳಿಯುವುದಿಲ್ಲ. ರೋಗಿಗಳನ್ನು ಕಳಿಸುತ್ತಿದ್ದ ಜನರಲ್ ಪ್ರಾಕ್ಟೀಷನರ್‌ಗಳು ಬೇರೆಯವರಿಗೆ ಒಗ್ಗಿಕೊಳ್ಳುತ್ತಾರೆ. ಆದ್ದರಿಂದ "ಇದು ಸರಿಹೋಗದಿದ್ದರೆ ಹಳೆಯದಕ್ಕೆ ಬರುತ್ತೇನೆ" ಎಂಬುದನ್ನು ಪೂರ್ತಿ ನಂಬಬೇಡಿ. ಎರಡೂ ಸ್ಪೆಷಾಲಿಟಿ ಸೇರಿ ಒಂದು ಕೆಲಸ ಆಗುವಂತಿದ್ದರೆ (ಅರಿವಳಿಕೆ ಮತ್ತು ನೋವು ಚಿಕಿತ್ಸೆ, ಶಿಶುವೈದ್ಯ ಮತ್ತು ನವಜಾತ ಶಿಶು ಆರೈಕೆ) ನಷ್ಟ ಕಡಿಮೆ. ಒಂದಕ್ಕೊಂದು ಸಂಬಂಧವೇ ಇಲ್ಲದಿದ್ದರೆ ಮೊದಲನೆಯದನ್ನು ಬಿಟ್ಟುಕೊಟ್ಟೆ ಎಂದೇ ಲೆಕ್ಕ ಹಾಕಿ.

ಇನ್ನೊಂದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಿಮಗಿಂತ ಹತ್ತು ವರ್ಷ ಚಿಕ್ಕ ಸೀನಿಯರ್ ರೆಸಿಡೆಂಟ್ ರೌಂಡ್ಸ್‌ನಲ್ಲಿ ಎಲ್ಲರೆದುರು "ರಿಪೋರ್ಟ್ ಎಲ್ಲಿ?" ಎಂದು ಗದರಿಸುತ್ತಾರೆ. ಹೌಸ್ ಸರ್ಜನ್‌ಗಳು ನಿಮ್ಮನ್ನು ಪ್ರೊಫೆಸರ್ ಎಂದುಕೊಂಡು ಎದ್ದು ನಿಲ್ಲುತ್ತಾರೆ, ಅದು ಇನ್ನೂ ಮುಜುಗರ. ಮೂರನೇ ಹಂತದಲ್ಲಿ ಕೆಲಸ ನೋಡಲು ಹೋದಾಗಲೇ ಕಿರಿಯರೊಬ್ಬರಿಂದ ಕಲಿಸಿಕೊಳ್ಳುವಾಗ ಮನಸ್ಸು ಹೇಗಿತ್ತು ಎಂದು ಗಮನಿಸಿಕೊಂಡಿರಬೇಕು.

## ಇಲ್ಲಿ ನಿಂತು ನೋಡಿ: ಮುಂದೆ ಹೋಗಬಾರದ ಸೂಚನೆಗಳು

ಬ್ಯಾಚ್‌ಮೇಟ್ ಒಬ್ಬರ ಆದಾಯ ಕೇಳಿದ ವಾರವೇ ಆಸೆ ಹುಟ್ಟಿದೆ. ಒಂದೇ ವರ್ಷದಲ್ಲಿ ಡರ್ಮಟಾಲಜಿ, ರೇಡಿಯಾಲಜಿ, ಸೈಕಿಯಾಟ್ರಿ ಮೂರೂ ಇಷ್ಟವಾಗಿವೆ. ಇದು ಸೀಟಿನ ಆಸೆ, ಕೆಲಸದ್ದಲ್ಲ. ಲೆಕ್ಕದ ಹಾಳೆಯನ್ನು ಸಂಗಾತಿಗೆ ತೋರಿಸಲು ಹಿಂಜರಿಕೆ. ನಿಮ್ಮ ಊರಿನಲ್ಲಿ ಆ ಕೆಲಸಕ್ಕೆ ಬೇಕಾದ ಯಂತ್ರವೋ ಐಸಿಯುವೋ ಇಲ್ಲ, ಊರು ಬಿಡುವ ಮನಸ್ಸೂ ಇಲ್ಲ. ಇವುಗಳಲ್ಲಿ ಎರಡಕ್ಕೆ ಹೌದು ಅನ್ನಿಸಿದರೆ ಒಂದು ವರ್ಷ ಮುಂದೂಡಿ.

## ಹಂತ 9: ಈಗ ಪರೀಕ್ಷೆ, ಗಡುವು ಹಾಕಿಕೊಂಡು

ಎರಡು ದಾರಿಯ ಓದಿನ ಹೊರೆ ಒಂದೇ ಅಲ್ಲ. ನೀಟ್-ಎಸ್‌ಎಸ್‌ನ 150 ಪ್ರಶ್ನೆಗಳು ನಿಮ್ಮ ಫೀಡರ್ ವಿಷಯದ ಸುತ್ತ ಇರುತ್ತವೆ. ದಿನವೂ ಮಾಡುವ ಕೆಲಸ ಸ್ವಲ್ಪ ನೆರವಿಗೆ ಬರುತ್ತದೆ. ನೀಟ್-ಪಿಜಿಯ 200 ಪ್ರಶ್ನೆಗಳಿಗೆ ಎಂಬಿಬಿಎಸ್‌ನ ಎಲ್ಲ ವಿಷಯ ಬೇಕು. ಬಯೋಕೆಮಿಸ್ಟ್ರಿಯ ಕಿಣ್ವಗಳು, ಅನಾಟಮಿಯ ನರಗಳು, ಎಲ್ಲವೂ ಇಪ್ಪತ್ನಾಲ್ಕರ ಹುಡುಗರ ಜೊತೆ. ಎರಡರಲ್ಲೂ ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಕಡಿತ. ಅನುಭವಿಗಳು ಸೋಲುವುದು ಜ್ಞಾನ ಕಡಿಮೆಯಾಗಿ ಅಲ್ಲ. "ನಾವು ಹೀಗೆ ಮಾಡುತ್ತೇವೆ" ಎಂಬ ವಾರ್ಡಿನ ಉತ್ತರ ಬರೆದು, ಪುಸ್ತಕದ ಉತ್ತರ ಬಿಟ್ಟು.

ಎಷ್ಟು ಪ್ರಯತ್ನ ಎಂದು ಮೊದಲೇ ಬರೆದಿಡಿ. ನನ್ನ ಮಟ್ಟಿಗೆ ಎರಡು ಸಾಕು. ಯಾವ ವಿಷಯ, ಯಾವ ಊರು ಎಂಬ ಪಟ್ಟಿಯನ್ನೂ ಫಲಿತಾಂಶಕ್ಕೆ ಮೊದಲೇ ಬರೆದು ಮನೆಯವರ ಕೈಗೆ ಕೊಡಿ. ಕೌನ್ಸೆಲಿಂಗ್‌ನ ಕೊನೆಯ ಸುತ್ತಿನಲ್ಲಿ ಸಿಕ್ಕಿದ್ದಕ್ಕೆ ಸೇರಿ ಬಿಟ್ಟರೆ ದಂಡ, ಮುಂದಿನ ಪರೀಕ್ಷೆಗೆ ನಿರ್ಬಂಧ ಬೀಳಬಹುದು. ಪಟ್ಟಿಯಲ್ಲಿ ಇಲ್ಲದ್ದನ್ನು ಆ ರಾತ್ರಿ ಸೇರಿಸಬೇಡಿ.

## ಹಂತ 10: ಸೀಟು ಸಿಕ್ಕಿತು, ಸೇರುವ ಮೊದಲು

ಇಂಡೆಮ್ನಿಟಿ ಪಾಲಿಸಿಯನ್ನು ನಿಲ್ಲಿಸಬೇಡಿ. ನಮ್ಮಲ್ಲಿ ಇವು ಸಾಮಾನ್ಯವಾಗಿ ದೂರು ಬಂದ ದಿನ ಪಾಲಿಸಿ ಚಾಲ್ತಿಯಲ್ಲಿದ್ದರೆ ಮಾತ್ರ ರಕ್ಷಣೆ ಕೊಡುವಂಥವು. ಗ್ರಾಹಕ ಆಯೋಗಕ್ಕೆ ದೂರು ಕೊಡಲು ಕಾರಣ ಉಂಟಾದ ದಿನದಿಂದ ಎರಡು ವರ್ಷ ಅವಕಾಶ ಇದೆ. ನೀವು ರೆಸಿಡೆಂಟ್ ಆಗಿದ್ದಾಗ ಹಳೆಯ ಕೇಸಿನ ನೋಟಿಸ್ ಬರಬಹುದು.

ಒಳರೋಗಿಗಳ ದಾಖಲೆಗಳನ್ನು ಚಿಕಿತ್ಸೆ ಶುರುವಾದ ದಿನದಿಂದ ಮೂರು ವರ್ಷ ಇಡಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಕ್ಲಿನಿಕ್ ಮುಚ್ಚಿದರೂ ಬೀಗದ ಕೈ ಯಾರ ಹತ್ತಿರ ಎಂದು ನಿಗದಿ ಮಾಡಿ. ಖಾಸಗಿ ಕ್ಲಿನಿಕ್‌ಗೆ ಬೇಕಾದ ಕೆಪಿಎಂಇ ನೋಂದಣಿ ಮತ್ತು ಜೈವಿಕ ತ್ಯಾಜ್ಯದ ಅನುಮತಿ ನಿಮ್ಮ ಹೆಸರಿನಲ್ಲಿದ್ದು, ಬೇರೆಯವರು ಅಲ್ಲಿ ಕೂರುವುದಾದರೆ ವರ್ಗಾವಣೆಯ ಕೆಲಸ ಮೊದಲೇ ಮುಗಿಸಿ. ಅಲ್ಟ್ರಾಸೌಂಡ್ ಯಂತ್ರ ಇದ್ದರೆ ಜಿಲ್ಲಾ ಪ್ರಾಧಿಕಾರಕ್ಕೆ ತಿಳಿಸದೆ ಅಲುಗಾಡಿಸಬೇಡಿ.

ಆಸ್ಪತ್ರೆಗೆ ಕೊಡಬೇಕಾದ ನೋಟಿಸ್ ಮೂರು ತಿಂಗಳಾಗಿದ್ದು, ಕಾಲೇಜಿಗೆ ವರದಿ ಮಾಡಲು ವಾರವೇ ಇದ್ದರೆ, ನೋಟಿಸ್ ಬದಲಿಗೆ ಎಷ್ಟು ಹಣ ಕಟ್ಟಬೇಕೆಂದು ಫಲಿತಾಂಶದ ದಿನವೇ ಮಾತನಾಡಿ. ರೋಗಿಗಳನ್ನು ಯಾರಿಗೆ ಒಪ್ಪಿಸುತ್ತೀರಿ ಎಂದು ಕಳಿಸುವ ವೈದ್ಯರಿಗೆಲ್ಲ ಒಂದೊಂದು ಫೋನ್ ಮಾಡಿ. ಮೂರು ವರ್ಷದ ನಂತರ ಮತ್ತೆ ಅದೇ ಫೋನ್ ಮಾಡಬೇಕಾಗುತ್ತದೆ. ಮೂಲ ಪ್ರಮಾಣಪತ್ರಗಳನ್ನು ಕಾಲೇಜು ತನ್ನಲ್ಲೇ ಇಟ್ಟುಕೊಳ್ಳುತ್ತದೆ, ಆದ್ದರಿಂದ ಪರಿಷತ್ತಿನ ನೋಂದಣಿ ನವೀಕರಣ, ಪಾಸ್‌ಪೋರ್ಟ್, ಬ್ಯಾಂಕ್ ಸಾಲ ಹೀಗೆ ಮೂಲ ಪ್ರತಿ ಕೇಳುವ ಕೆಲಸಗಳಿದ್ದರೆ ಅವನ್ನು ವರದಿ ಮಾಡುವ ಮೊದಲೇ ಮುಗಿಸಿ, ದೃಢೀಕರಿಸಿದ ಪ್ರತಿಗಳ ಎರಡು ಸೆಟ್ ಮನೆಯಲ್ಲಿಡಿ.